ಎರಡು ಸಾವಿರ ಚಂದಾದಾರರ ಸಂಪಾದಕರು

ಸಂಪಾದಕರ ಬಗ್ಗೆ ಒಂದು ಶ್ರದ್ಧಾಂಜಲಿ ಬರೆದುಕೊಡಿ ಎಂದು ಪುಣೆಯ ಕನ್ನಡ ಸಂಘದ ಅಧ್ಯಕ್ಷರು ಬೆನ್ನು ಹತ್ತಿದ್ದಾರೆ. ಸಂಪಾದಕರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅವರ ಬ್ಲಾಗಿನ ಪಾಸ್‌ವರ್ಡು ಈಗ ಇರುವುದು ನನ್ನೊಬ್ಬಳ ಹತ್ತಿರ, ಹಾಗಾಗಿ ಕೊನೆಯ ಬರಹ ನಾನೇ ಹಾಕಬೇಕಂತೆ. "ಒಳ್ಳೇದಷ್ಟ ಬರೀರಿ ಮೇಡಂ, ಭಾಳ ಚಲೋ ಮನಷ್ಯಾ" ಎಂದರು. ಆಯಿತು, ಬರೆಯುತ್ತೇನೆ. ಒಳ್ಳೆಯದು ಸಿಕ್ಕ ಕಡೆ ಒಳ್ಳೆಯದನ್ನೇ ಬರೆಯುತ್ತೇನೆ. ಸಿಗದ ಕಡೆ ಫೋಟೋಗೆ ಹಾರ ಹಾಕಿ ಕೈ ಮುಗಿದು ಬರುವ ಜಾತಿ ನಾನಲ್ಲ.

ಪುಣೆಯ ಕನ್ನಡದವರ ಮದುವೆಗೆ ಒಮ್ಮೆಯಾದರೂ ಹೋದವರು ಅವರನ್ನು ನೋಡಿರಲೇಬೇಕು. ಬಿಳಿ ಸಫಾರಿ, ಜೇಬಿನಲ್ಲಿ ಎರಡು ಪೆನ್ನು, ಬಾಯಿ ತುಂಬ ಅಡಿಕೆ ಪುಡಿ. ಊಟದ ಪಂಕ್ತಿಯಲ್ಲಿ ನೀವು ಅನ್ನ ಸಾರು ಕಲಸಿಕೊಂಡಿರುವಾಗ ಎದುರಿಗೆ ಬಂದು ನಿಲ್ಲುತ್ತಿದ್ದರು. "ಮೊಬೈಲ್ ಕೊಡ್ರಿಲ್ಲೆ" ಎಂದು ಕೈ ಚಾಚುತ್ತಿದ್ದರು. ಬಲಗೈ ಎಲೆಯಲ್ಲಿ, ಎಡಗೈ ಖಾಲಿ, ಎದುರಿಗೆ ಹಿರಿಯರು. ಏನು ಮಾಡುತ್ತೀರಿ? ಕೊಡುತ್ತೀರಿ. ಅವರು ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ, ಪೇಪರಿನ ಹಾಳೆ ತಿರುವುವ ಹಾಗೆ ನಿಮ್ಮ ಮೊಬೈಲನ್ನು ತೀಡಿ, ನಿಮ್ಮನ್ನು ತಮ್ಮ ಬ್ಲಾಗಿನ ಚಂದಾದಾರರನ್ನಾಗಿ ಮಾಡಿ ವಾಪಸು ಕೊಡುತ್ತಿದ್ದರು. ಗಾಜಿನ ಮೇಲೆ ಅಡಿಕೆ ಎಂಜಲು. ನನ್ನ ಮೊಬೈಲನ್ನೂ ಹೀಗೇ ಕಿತ್ತುಕೊಂಡಿದ್ದರು. ಥೂ, ಅವತ್ತು ಪಾಯಸವನ್ನು ಎಲೆಯಲ್ಲೇ ಬಿಟ್ಟೆ.

ಬದುಕಿಡೀ ವಿಮೆ ಮಾರಿದ ಮನುಷ್ಯ. ಜನರನ್ನು ಹಿಡಿಯುವ ಈ ಕಸುಬು ಅಲ್ಲಿಂದಲೇ ಬಂದದ್ದು. "ಉಣ್ಣಾಕ ಕುಂತಾಂವ ಎಲ್ಲಿ ಓಡಿ ಹೋಗ್ತಾನ್ರಿ?" ಎಂದು ಕಣ್ಣು ಮಿಟುಕಿಸುತ್ತಿದ್ದರು. ನಿವೃತ್ತಿಯಾದ ಮೇಲೆ ವಿಮೆಯ ಜಾಗಕ್ಕೆ ಬ್ಲಾಗು ಬಂತು, ಅಷ್ಟೇ. ಎಲ್ಲರೂ ತಮ್ಮನ್ನು ಸಂಪಾದಕರು ಎಂದೇ ಕರೆಯಬೇಕು ಎಂದು ಅವರೇ ಹೇಳಿಕೊಟ್ಟಿದ್ದರು, ಎಲ್ಲರೂ ಹಾಗೇ ಕರೆದರು. ನಾನೂ ಕರೆದೆ.

ನನ್ನ ಊರು ಹಾಸನದ ಕಡೆ. ಇಲ್ಲೇ ಪುಣೆಯ ಮಗರಪಟ್ಟಾದ ಒಂದು ಆಫೀಸಿನಲ್ಲಿ ಕೆಲಸ. ಕಂಪನಿಗಳು ಕಳಿಸುವ ಸಂದೇಶಗಳನ್ನು ಯಾರು ತೆರೆದರು, ಯಾರು ತೆರೆಯದೆಯೇ ಅಳಿಸಿದರು ಎಂದು ಅಳೆಯುವುದೇ ನನ್ನ ಹೊಟ್ಟೆಪಾಡು. ಇದು ಗೊತ್ತಾದ ದಿನ ಅವರು "ದೇವರ ಕಳಿಸಿಕೊಟ್ಟಂಗಾತು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಹಡಪಸರದ ಅವರ ಮನೆಗೆ ಹೋಗಿ ಬ್ಲಾಗಿನ ರಿಪೇರಿ ನೋಡುವುದು ನನ್ನ ಪಾಲಿಗೆ ಬಿತ್ತು.

ಯಾಕೆ ಹೋದೆ ಎಂದರೆ, ಅವರು ಕೆಲವು ಸಲ ನಿಜವಾಗಿಯೂ ಚೆನ್ನಾಗಿ ಬರೆಯುತ್ತಿದ್ದರು. ಇದು ಒಳ್ಳೆಯ ಮಾತು, ಅಧ್ಯಕ್ಷರು ಗುರುತು ಹಾಕಿಕೊಳ್ಳಲಿ. ಅರ್ಧ ಎದ್ದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಸಿಮೆಂಟಿನ ಚೀಲದಲ್ಲಿ ತೊಟ್ಟಿಲು ಕಟ್ಟಿ ಕೂಸನ್ನು ತೂಗುತ್ತಿದ್ದದ್ದನ್ನು ಬರೆದಿದ್ದರು. ಅದನ್ನು ಆಫೀಸಿನ ಕ್ಯಾಂಟೀನಿನಲ್ಲಿ ಓದಿ ನಾನು ಚಹಾ ಆರಿಸಿಬಿಟ್ಟೆ. ಅಂಥದ್ದನ್ನು ಬರೆಯಬಲ್ಲ ಮನುಷ್ಯ ನಾನು ಮುಂದೆ ಹೇಳಲಿರುವಂಥದ್ದನ್ನೂ ಮಾಡುತ್ತಾನಲ್ಲ ಎಂಬುದೇ ನನಗೆ ಇವತ್ತಿಗೂ ಹೇಸಿಗೆ.

ಅವರ ಹೆಂಡತಿ ಮಾತ್ರ ಈ ಬ್ಲಾಗಿನ ಒಂದಕ್ಷರವನ್ನೂ ಓದಿದವರಲ್ಲ. ಕೇಳಿದರೆ, "ಬರಿಯೂಕಿಂತ ಮೊದಲ ಪೂರಾ ಕೇಳಿರ್ತೀನವಾ, ಮತ್ತ ಓದೂದು ಯಾಕ?" ಎಂದು ಚಹಾ ಇಟ್ಟು ಒಳಗೆ ಹೋಗುತ್ತಿದ್ದರು. ಸಂಪಾದಕರಿಗೆ ಅದೇನೂ ಬೇಸರವಿರಲಿಲ್ಲ. ಹೊಸ ಬರಹ ಹಾಕಿದ ಕೂಡಲೇ ಫೀಡಿನ ಮೂಲಕ ಅದು ಚಂದಾದಾರರ ಮೊಬೈಲಿಗೆ ತಾನಾಗಿಯೇ ಹೋಗಿ ಬೀಳುತ್ತಿತ್ತು. ಚಂದಾದಾರರು ಎರಡು ಸಾವಿರ ದಾಟಿದ್ದರು. ಆ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬ್ಲಾಗಿನ ನೆತ್ತಿಯ ಮೇಲೆ ಹಾಕಿಸಿಕೊಂಡಿದ್ದರು. "ಚಂದಾದಾರ ಅಂದ್ರ ದೇವರಿದ್ದಂಗ್ರಿ. ಕಾಣಸೂದಿಲ್ಲ, ಇರ್ತಾನ."

ಈ ದೇವರ ಮೇಲೆ ಅನುಮಾನ ಹುಟ್ಟಿಸಿದ್ದು ಸಂಘದ ಕಮಿಟಿಗೆ ಹೊಸದಾಗಿ ಬಂದ ಒಬ್ಬ ಹುಡುಗಿ. ರಾಜ್ಯೋತ್ಸವಕ್ಕೆ ಸಂಪಾದಕರಿಗೆ ಶಾಲು ಹೊದಿಸುವುದೆಂದು ಮಾತು ನಡೆದಿತ್ತು. ಅವಳು ಮೀಟಿಂಗಿನಲ್ಲಿ ಸಹಜವಾಗಿ, "ಸಬ್‌ಸ್ಕ್ರೈಬರ್ಸ್ ಓಕೆ ಸರ್, ಆದ್ರೆ ಆ್ಯಕ್ಚುವಲಿ ಓದೋರು ಎಷ್ಟು ಜನ?" ಎಂದಳಂತೆ. ಅಷ್ಟೇ. ಆ ಭಾನುವಾರ ನಾನು ಹೋದಾಗ ಅವರ ಮುಖ ಬಾಡಿತ್ತು. "ಅಳೀರಿ" ಎಂದರು. "ಎಷ್ಟು ಮಂದಿ ಖರೇ ಓದ್ತಾರ, ಅಳದು ಹೇಳ್ರಿ. ಆ ಹುಡುಗಿ ಮಾರಿಗೆ ಬಡೀಬೇಕು."

ನಾನು ತಿಳಿಸಿ ಹೇಳಿದೆ. "ಸರ್, ಈ ಎರಡು ಸಾವಿರ ಇದೆಯಲ್ಲ, ಅದು ಬಾಗಿಲಿಗೆ ತೂಗುಹಾಕಿದ ಹಾಲಿನ ಚೀಲದ ಲೆಕ್ಕ. ಒಳಗೆ ಯಾರು ಹಾಲು ಕುಡಿದರು ಅನ್ನೋದು ಅದರಲ್ಲಿ ಗೊತ್ತಾಗಲ್ಲ. ಡ್ರಾಯರಿನಲ್ಲಿ ಬಿದ್ದಿರೋ ಹಳೇ ಮೊಬೈಲೂ ನಿಮ್ಮ ಬರಹ ಇಳಿಸಿಕೊಳ್ತಾ ಇರತ್ತೆ." ಅದಕ್ಕೆ ಒಂದು ಉಪಾಯವಿದೆ. ಬರಹದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಸೇರಿಸುತ್ತೇವೆ. ಯಾರಾದರೂ ಬರಹವನ್ನು ತೆರೆದರೆ ಆ ಚಿತ್ರ ತೆರೆದುಕೊಂಡು ನಮಗೆ ಸುದ್ದಿ ಕೊಡುತ್ತದೆ. "ಆದರೆ ಚಿತ್ರಗಳನ್ನ ಆಫ್ ಮಾಡಿಟ್ಟವರು ಓದಿದರೂ ಇದರಲ್ಲಿ ಬರಲ್ಲ, ನೆನಪಿಟ್ಕೊಳಿ" ಎಂದೂ ಹೇಳಿದೆ. "ಈ ಕಾಲದಾಗ ಚಿತ್ರಾ ಆಫ್ ಯಾರ ಮಾಡ್ತಾರ್ರಿ, ಬಿಡ್ರಿ" ಎಂದರು.

ಫಲಿತಾಂಶ ಬಂತು. ತೆರೆದವರು ಬೆರಳೆಣಿಕೆಯಷ್ಟು. ಅದರಲ್ಲೂ ಮುಕ್ಕಾಲು ಭಾಗ ಒಂದೇ ಮನೆಯಿಂದ, ಹಡಪಸರದಿಂದ. "ಇದೆಲ್ಲ ನೀವೇ ಸರ್" ಎಂದೆ. ಮೊಬೈಲು, ಟ್ಯಾಬು, ಕಂಪ್ಯೂಟರು ಮೂರರಲ್ಲೂ ತಾವು ಬರೆದದ್ದನ್ನು ತಾವೇ ಸಾಯಂಕಾಲವೆಲ್ಲ ತೆರೆದು ತೆರೆದು ನೋಡಿಕೊಂಡಿದ್ದರು. ಅವರು ಪರದೆಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಎಣಿಸಿದರು. ನನಗೆ ಪಾಪ ಎನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹಲ್ಲು ಕಡಿದು, "ನಿಮ್ಮ ಚಿತ್ರಾ ಬರೋಬರಿ ಇಲ್ಲ. ನಾ ನನ್ನ ರೀತೀಲೆ ಅಳೀತೀನಿ" ಎಂದರು.

ಮುಂದಿನ ಶುಕ್ರವಾರ ಹೊಸ ಬರಹ ಬಂತು. ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಊಟದ ಮನೆಗಳ ಬಗ್ಗೆ. ಆ ದಾರಿಯಲ್ಲಿ ಓಡಾಡುವ ಕನ್ನಡದವರಿಗೆಲ್ಲ ಇಂದಾಪುರದ ಬಸ್‌ಸ್ಟ್ಯಾಂಡಿನ ಎದುರಿನ ರೊಟ್ಟಿ ಖಾನಾವಳಿ ಗೊತ್ತು. ನಡೆಸುವವರು ಸಿಂದಗಿ ಕಡೆಯ ಹೆಂಗಸು, ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡ್ರೈವರುಗಳ ಜೊತೆ ಮರಾಠಿಯಲ್ಲಿ ಜಗಳ, ನಮ್ಮ ಜೊತೆ ಕನ್ನಡದಲ್ಲಿ ಉಪಚಾರ. ಸಂಪಾದಕರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲವನ್ನೂ ರಸವತ್ತಾಗಿ ವರ್ಣಿಸಿ, ನಟ್ಟನಡುವೆ ಒಂದು ವಾಕ್ಯ ಸೇರಿಸಿದ್ದರು: "ಇಂಥ ನಮ್ಮ ಇಂದಾಪುರದ ಮಾವಶಿ ಕಳೆದ ವಾರ ತೀರಿಕೊಂಡರು." ಮತ್ತೆ ಎಣ್ಣೆಗಾಯಿ ಮುಂದುವರಿದಿತ್ತು.

ನಾನು ಆಫೀಸಿನಲ್ಲಿದ್ದೆ. ಹಿಂದಿನ ತಿಂಗಳಷ್ಟೇ ಆಕೆ ನನ್ನ ತಟ್ಟೆಗೆ ಬೇಡವೆಂದರೂ ತುಪ್ಪ ಸುರಿದಿದ್ದರು. ಫೋನು ಮಾಡಿದೆ. "ಮಾವಶಿಗೆ ಏನಾಯ್ತು ಸರ್?"

ಆ ಕಡೆ ನಗು. "ಏನೂ ಆಗಿಲ್ಲರಿ! ಗುಂಡಕಲ್ಲಿನಂಗ ಅದಾಳ. ಇದು ಪರೀಕ್ಷಾ. ನಮ್ಮ ಮಂದಿ ಮತ್ತ ಯಾವುದಕ್ಕ ಸುಮ್ಮನಿದ್ರೂ ಸಾವಿಗೆ ಸುಮ್ಮನಿರೂದಿಲ್ಲ. ಖರೇ ಓದಿದಾಂವ ಫೋನ್ ಮಾಡ ಮಾಡ್ತಾನ. ಫೋನ್ ಎಷ್ಟು ಬರ್ತಾವ, ಓದಾವ್ರು ಅಷ್ಟು. ನಿಮ್ಮದು ಹಿಡಿಯೂದಿಲ್ಲ, ನೀವು ಒಳಗಿನವರು."

"ಬದುಕಿರೋರನ್ನ ಸಾಯಿಸಿ ಪರೀಕ್ಷೆನಾ? ಆಕೆ ನೋಡಿದ್ರೆ?"

"ಆಕಿ ಎಲ್ಲಿ ಓದ್ತಾಳ್ರಿ? ಆಕಿ ಮೊಬೈಲಿಗೂ ನಾನ ಚಂದಾ ಹಾಕೀನಿ, ಆದರ ನಿಮ್ಮ ಲೆಕ್ಕದಾಗ ಆಕಿ ಒಂದೂ ತೆರದಿಲ್ಲ. ಅದಕ್ಕ ಆಕಿನ್ನ ಆರಿಸಿದ್ದು. ಭಾನುವಾರ ಬರ್ರಿ, ಕೂಡಿ ನೋಡೂಣು."

ನನ್ನ ಲೆಕ್ಕವನ್ನೇ ಹಿಡಿದು ಈ ಹೊಲಸು ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಭಾನುವಾರ ಹೋದೆ, ಜಗಳಕ್ಕೇ ಹೋದೆ. ಅವರು ಪ್ರತಿಕ್ರಿಯೆಗಳನ್ನು ತೆರೆದು ಕೂತಿದ್ದರು. ಒಂದೇ ಒಂದು ಫೋನು ಬಂದಿರಲಿಲ್ಲ. ಪ್ರತಿಕ್ರಿಯೆಗಳಿಗೇನೂ ಕೊರತೆಯಿರಲಿಲ್ಲ. "ಅದ್ಭುತ ಸರ್." "ಹಳೆಯ ನೆನಪು ಮರುಕಳಿಸಿತು." "ಇಂಥ ರುಚಿ ಈಗೆಲ್ಲಿ?" ಸಂಘದ ಅಧ್ಯಕ್ಷರು ಎಲ್ಲರಿಗಿಂತ ಮೊದಲು ಬರೆದಿದ್ದರು: "ಓದುತ್ತ ಓದುತ್ತ ಬಾಯಲ್ಲಿ ನೀರೂರಿತು."

ಒಂದು ಹೆಂಗಸಿನ ಸಾವಿನ ಸುದ್ದಿ ಓದಿ ಬಾಯಲ್ಲಿ ನೀರು! ಬರೆದವರ ಮೇಲೆ ಹೇಸಿಗೆಪಡಲೋ, ಓದದೆ ಹೊಗಳಿದವರ ಮೇಲೆ ಹೇಸಿಗೆಪಡಲೋ ತಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಅವರು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವರು. "ಯಾರ್ರಿ?"

"ನಾನ್ರಿ, ನೀವು ಸಾಯಿಸಿದಾಕಿ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಇಂದಾಪುರದಿಂದ ಮಾತಾಡಾಕ ಹತ್ತೀನಿ. ನಾ ಯಾವಾಗ ಸತ್ತೆರಿ? ನಂಗ ಯಾರೂ ಹೇಳೇ ಇಲ್ಲಲ್ಲ!"

ಆಗ ಸಂಪಾದಕರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. ಕಣ್ಣು ಹೊಳೆಯುತ್ತಿದ್ದವು. "ನೋಡ್ರಿ, ಒಬ್ಬಾಕಿ ಓದ್ಯಾಳ!" ಎಂದು ಪಿಸುಗುಟ್ಟಿದರು. ಲಾಟರಿ ಹೊಡೆದವರ ಮುಖ. ನಾಚಿಕೆಯ ಒಂದು ಗೆರೆಯಾದರೂ ಇರಬೇಡವೇ? ಛೀ.

ಮಾವಶಿ ಹೇಳುತ್ತಲೇ ಇದ್ದರು. ಪ್ರತಿ ಶುಕ್ರವಾರ ಊಟದ ಗದ್ದಲ ಮುಗಿದ ಮೇಲೆ, ರೊಟ್ಟಿ ಬಡಿಯುವ ಹೆಂಗಸರನ್ನೆಲ್ಲ ಕೂರಿಸಿಕೊಂಡು ಅವರು ಈ ಬ್ಲಾಗನ್ನು ಜೋರಾಗಿ ಓದುತ್ತಿದ್ದರಂತೆ. ಎಲ್ಲರೂ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು. ಓದು ಬಾರದವರು. ಆ ಊರಿನಲ್ಲಿ ಅವರ ಕಿವಿಗೆ ಬೀಳುವ ಕನ್ನಡದ ಕಥೆ ಇದೊಂದೇ. "ತೊಟ್ಟಿಲದ್ದು ಓದಿದಾಗ ಎಲ್ಲಾರೂ ಅತ್ತಾರ್ರಿ. ಮನ್ನಿ ನಮ್ಮ ಖಾನಾವಳೀದು ಬಂದದ ಅಂತ ಖುಷೀಲೆ ಓದಾಕ ಹತ್ತಿದ್ನಿ. ಓದಕೋತ ಓದಕೋತ ನಾನ ಸತ್ತೆ! ಒಬ್ಬಾಕಿ ಚೀರಿದಳು. ಒಬ್ಬಾಕಿ ನನ್ನ ಕೈ ಮುಟ್ಟಿ ಮುಟ್ಟಿ ನೋಡಿದಳು. ಈಗ ಮೊಬೈಲ್ ತಗದ್ರ ಎದ್ದು ಹೋಗ್ತಾರ, ಅಪಶಕುನ ಅಂತಾರ."

"ಆದರ ನಮ್ಮ ಲೆಕ್ಕದಾಗ ನೀವು ತೆರದಿದ್ದು ಇಲ್ಲಲ್ಲ?" ಎಂದರು ಸಂಪಾದಕರು. ಅವರಿಗೆ ಅದೇ ಚಿಂತೆ.

"ನೆಟ್ ಉಳೀಲಿ ಅಂತ ಫೋಟೋ ಬಂದ್ ಮಾಡೀನ್ರಿ. ಯಾಕ?"

ನಾನು ಅವರನ್ನೇ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ನಗುತ್ತಾ, "ಹೋಗ್ಲಿ ಬಿಡ್ರಿ ಮಾವಶಿ, ಸುಳ್ಳ ಸುದ್ದಿ ಬಂದ್ರ ಆಯುಷ್ಯ ಹೆಚ್ಚಾಗತದ!" ಎಂದರು.

"ಆಯುಷ್ಯ ಹೆಚ್ಚು ಮಾಡಾಕ ನೀವ್ಯಾರ್ರಿ? ಎಲ್ಲಿ ಸಾಯಿಸೀರಿ ಅಲ್ಲೇ ಬರೀರಿ, ನಾ ಬದುಕೀನಿ ಅಂತ. ಅದನ್ನ ಇವರಿಗೆ ಓದಿ ತೋರಸ್ತೀನಿ. ಮತ್ತ ಕೂಡ್ತಾರ ಕೇಳಾಕ. ನಂಗ ಬ್ಯಾರೆ ಏನೂ ಬ್ಯಾಡ."

"ಆಗ್ಲಿ ಆಗ್ಲಿ, ಮುಂದಿನ ವಾರ" ಎಂದು ಫೋನಿಟ್ಟರು.

ಮುಂದಿನ ವಾರ ಆ ತಿದ್ದುಪಡಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೇಳಿದರೆ, ತಿದ್ದುಪಡಿ ಹಾಕಿದರೆ ಪರೀಕ್ಷೆಯ ಕಥೆ ಹೊರಗೆ ಬರುತ್ತದೆ, ಕಮಿಟಿಯ ಹುಡುಗಿ ನಗುತ್ತಾಳೆ, ಶಾಲು ಹೋಗುತ್ತದೆ ಎನ್ನುತ್ತಿದ್ದರು. ಕಡೆಗೆ ಒಂದು ದಿನ ಆ ಬರಹವನ್ನೇ ಸದ್ದಿಲ್ಲದೆ ಅಳಿಸಿಹಾಕಿದರು. "ಮುಗೀತಲ್ಲ?" ಎಂದರು. ಮುಗಿಯುವುದೆಲ್ಲಿಂದ ಬಂತು? ಒಮ್ಮೆ ಫೀಡಿನಲ್ಲಿ ಹೋದದ್ದು ಓದುಗರ ಮೊಬೈಲಿನಲ್ಲಿ ಹಾಗೇ ಕೂತಿರುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿ ಅಳಿಯುವುದಿಲ್ಲ. ಇಂದಾಪುರದಲ್ಲಿ ಮಾವಶಿ ಸತ್ತೇ ಇದ್ದರು. ನಾನೇ ಒಳಗೆ ಹೋಗಿ ಹಾಕಿಬಿಡುತ್ತೇನೆ ಎಂದೆ. "ಹೆಸರು ನಂದು, ಬ್ಲಾಗ್ ನಂದು. ನೀವು ನಟ್ಟು ಬೋಲ್ಟು ನೋಡೂ ಮಂದಿ" ಎಂದರು. ಅವತ್ತು ಚಪ್ಪಲಿ ಮೆಟ್ಟಿ ಹೊರಬಂದವಳು ಮತ್ತೆ ಆ ಮನೆಗೆ ಹೋಗಲಿಲ್ಲ.

ರಾಜ್ಯೋತ್ಸವದಲ್ಲಿ ಶಾಲು ಹೊದಿಸಿದರು. "ಎರಡು ಸಾವಿರ ಓದುಗರ ಹೃದಯ ಗೆದ್ದ" ಎಂದು ಮೈಕಿನಲ್ಲಿ ಹೇಳಿದಾಗ ಸಂಪಾದಕರು ಕಣ್ಣು ಒರೆಸಿಕೊಂಡರು. ನಾಟಕವಲ್ಲ, ನಿಜವಾದ ಕಣ್ಣೀರು. ತಮಗೆ ಎಲ್ಲ ಗೊತ್ತಿದ್ದೂ ನಂಬಿಬಿಟ್ಟಿದ್ದರು. ನಾನು ಊಟ ಮಾಡದೆ ಎದ್ದು ಬಂದೆ.

ಮೂರು ವಾರದ ಹಿಂದೆ ಬೆಳಗಿನ ವಾಕಿಂಗಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸುದ್ದಿಯನ್ನು ನಾನೇ ಮಾವಶಿಗೆ ತಿಳಿಸಿದೆ, ಆ ಪರೀಕ್ಷೆಯ ಕಥೆಯನ್ನೂ ಹೇಳಿದೆ. ಸಂಘದ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಎಂದಾಗ, "ಬರ್ತೀನಿ" ಎಂದರು.

ಬಂದರು. ಮಾವಿನಹಣ್ಣಿನ ಬಣ್ಣದ ಇಳಕಲ್ ಸೀರೆ, ತಲೆ ತುಂಬ ಮಲ್ಲಿಗೆ, ಹಣೆಯಲ್ಲಿ ಕಾಸಗಲ ಕುಂಕುಮ. ಸಭೆ ಅರ್ಧ ನಡೆದಿತ್ತು. ಹಿಂದಿನ ಬಾಗಿಲು ಬಿಟ್ಟು ಬೇಕೆಂದೇ ಮುಂದಿನ ಬಾಗಿಲಿನಿಂದ ಒಳಗೆ ಬಂದು, ನಡುವಿನ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಎರಡೂ ಬದಿಯವರ ಮುಖ ನೋಡುತ್ತ ನಡೆದರು. ಅಲ್ಲಿದ್ದವರೆಲ್ಲ ಚಂದಾದಾರರು. ಒಬ್ಬೊಬ್ಬರಾಗಿ ಮೈಕು ಹಿಡಿದು, ಸಂಪಾದಕರ ಒಂದು ಬರಹವನ್ನೂ ತಾವು ಓದದೆ ಬಿಟ್ಟವರಲ್ಲ ಎಂದು ಹೇಳಿ ಕೂತವರು.

ಒಬ್ಬರೂ ಬೆಚ್ಚಲಿಲ್ಲ. ಕೆಲವರು ತಲೆ ಆಡಿಸಿ ನಕ್ಕರು. ಒಬ್ಬರು ಸರಿದು ಜಾಗ ಕೊಟ್ಟರು. ಅಧ್ಯಕ್ಷರು ವೇದಿಕೆಯ ಮೇಲೆ, "ಅವರು ಬರೆದ ಪ್ರತಿ ಅಕ್ಷರ ನನ್ನ ಎದೆಯಲ್ಲಿದೆ" ಎಂದು ಗದ್ಗದರಾಗಿ ಮುಗಿಸಿ ಕೆಳಗಿಳಿದು ಬಂದರು. ಆಕೆಯನ್ನು ನೋಡಿ ಮುಖವರಳಿಸಿದರು. "ಏನ್ ಮಾವಶಿ, ಯಾವಾಗ ಬಂದ್ರಿ? ಶೇಂಗಾ ಚಟ್ನಿ ತಂದೀರೇನು?"

ಮಾವಶಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲರಿ. ಸತ್ತ ಮ್ಯಾಲ ಚಟ್ನಿ ಮಾಡೂದು ಬಿಟ್ಟೀನಿ."

ಅಧ್ಯಕ್ಷರು ಹೋ ಹೋ ಎಂದು ನಕ್ಕು ಮುಂದೆ ಹೋದರು.

ಹಡಪಸರದ ಸ್ಟಾಪಿನಲ್ಲಿ ಸೊಲ್ಲಾಪುರದ ಬಸ್ಸು ಕಾಯುತ್ತ ನಿಂತಾಗ ಮಾವಶಿ ಮಲ್ಲಿಗೆ ದಂಡೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. "ಎಲ್ಲಾರೂ ಚೀರಿ ಓಡ್ತಾರ ಅನಕೊಂಡಿದ್ನವಾ. ನಗಬೇಕಂತ ಬಂದಿದ್ನಿ" ಎಂದರು. "ಇಷ್ಟ ವರ್ಷ ಬರದ ಅಂವ. ಅಷ್ಟು ಮಂದ್ಯಾಗ ಓದಾಕಿ ಒಬ್ಬಾಕಿ ಇದ್ನಿ. ಇದ್ದ ಒಬ್ಬಾಕಿನ್ನೂ ಕೊಂದು, ಯಾರರ ಅಳ್ತಾರೇನಂತ ಕಾಯಕೋತ ಕುಂತ. ಹೊಲಸ ಕೆಲಸ. ಪಾಪ, ಭಾಳ ಹೊಲಸ ಕೆಲಸ."

"ನಾನೇ ಹಾಕಲಾ ಮಾವಶಿ, ನೀವು ಬದುಕಿದ್ದೀರಿ ಅಂತ?"

"ತನ್ನ ಕೈಲೆ ಬರದು ಹೋಗಬೇಕಿತ್ತು. ಹೋದ. ನೀನ ಬರಿ. ಹುಡುಗ್ಯಾರು ಮತ್ತ ಕೂಡ್ಲಿ."

ಸಂಪಾದಕರ ಹೆಂಡತಿಯನ್ನೂ ಒಂದು ಮಾತು ಕೇಳಿದೆ, ಎಲ್ಲವನ್ನೂ ಬರೆಯಲೇ ಎಂದು. "ಬರಿಯವಾ. ಅವರ ಇದ್ದಾಗ ನಾ ಓದಲಿಲ್ಲ, ಈಗೆಲ್ಲಿ ಓದ್ಲಿ?" ಎಂದರು.

ಹಾಗಾಗಿ ಇದನ್ನು ಅವರ ಬ್ಲಾಗಿನಲ್ಲೇ ಹಾಕುತ್ತಿದ್ದೇನೆ. ಎರಡು ಸಾವಿರ ಮೊಬೈಲುಗಳು ಇದನ್ನು ಇಳಿಸಿಕೊಂಡು ಸುಮ್ಮನಾಗುತ್ತವೆ. ಅಧ್ಯಕ್ಷರು ಎಲ್ಲರಿಗಿಂತ ಮೊದಲು "ಭಾವಪೂರ್ಣ ನಮನ, ಕಣ್ಣು ತುಂಬಿ ಬಂತು" ಎಂದು ಬರೆಯುತ್ತಾರೆ. ಅವರ ಬಗ್ಗೆ ಇಷ್ಟೆಲ್ಲ ಬರೆದಿದ್ದೇನಲ್ಲ ಎಂದು ನನಗೆ ಭಯವಿಲ್ಲ. ಅವರು ಇಲ್ಲಿಯವರೆಗೆ ಬರುವುದಿಲ್ಲ. ಕಾಣದ ಚಿತ್ರವನ್ನು ಇದರಲ್ಲಿ ಸೇರಿಸಿಲ್ಲ. ಯಾರು ಓದುತ್ತಾರೆ ಎಂದು ನನಗೆ ಗೊತ್ತು.

ಇವತ್ತು ಶುಕ್ರವಾರ. ಮಾವಶಿ, ಎಲ್ಲರನ್ನೂ ಹತ್ತಿರ ಕರೆದು ಕೂರಿಸಿಕೊಳ್ಳಿ. ಇದೊಂದು ಸಾಲನ್ನು ಎರಡು ಸಲ ಓದಿ, ಜೋರಾಗಿ ಓದಿ. ಇಂದಾಪುರದ ಮಾವಶಿ ಬದುಕಿದ್ದಾರೆ.